ಮಾತು ಬಿಡಿಸಿಕೊಂಡು ಹಾಡು, ಪುಟ್ಟಿ

ಭದ್ರಾವತಿ
29 ಡಿಸೆಂಬರ್ 2022

ಚಿ. ಪುಟ್ಟಿಗೆ, 

ನಿನ್ನ ವಾಟ್ಸಾಪ್ ಸಂದೇಶ ಮೊನ್ನೆಯೇ ಬಂತು. ಫೋನಿನಲ್ಲಿ ಉತ್ತರ ಕೊಡಲು ಹೋದರೆ ನನ್ನ ಬೆರಳು ಎರಡು ಸಾಲಿಗೆ ದಣಿಯುತ್ತದೆ, ಹೇಳಬೇಕಾದ್ದು ಉಳಿದೇ ಹೋಗುತ್ತದೆ. ಅದಕ್ಕೇ ಕಾಗದ ಹಿಡಿದು ಕೂತೆ. ಹೊಸ ವರ್ಷಕ್ಕೆ ನೀನು ಮಾಡಿಕೊಂಡಿರುವ ಪಟ್ಟಿಯನ್ನು ನಿನ್ನ ಅತ್ತೆಗೂ ಓದಿ ಹೇಳಿದೆ. ಆಕಾಶವಾಣಿಯ ಧ್ವನಿಪರೀಕ್ಷೆ, ವಿದ್ವತ್ ಪರೀಕ್ಷೆ, ವಾರಕ್ಕೊಂದು ಹಾಡು ಯೂಟ್ಯೂಬಿಗೆ, ಜೊತೆಗೆ ಹಿಂದೂಸ್ತಾನಿ ಕಲಿಕೆ. ‘ಇಷ್ಟೆಲ್ಲ ಮಾಡಿ ಈ ಹುಡುಗಿ ಊಟ ಯಾವಾಗ ಮಾಡುತ್ತೆ’ ಅಂತ ಅವಳ ಚಿಂತೆ. ಕೊನೆಯಲ್ಲಿ ನೀನು ‘ಮಾವ, ನಿಮ್ಮ ವರ್ಷ ಹೇಗಿತ್ತು? ಮುಂದಿನ ವರ್ಷ ಏನು ಮಾಡಬೇಕು ಅಂತಿದ್ದೀರಿ?’ ಎಂದು ಕೇಳಿದ್ದೀಯಲ್ಲ, ಅದು ನನಗೆ ಬಹಳ ಸಂತೋಷ ಕೊಟ್ಟಿತು. ಈ ವಯಸ್ಸಿನವರನ್ನು ಜನ ಆರೋಗ್ಯ ಕೇಳುತ್ತಾರೆ, ಮುಂದಿನ ಕೆಲಸ ಕೇಳುವುದಿಲ್ಲ.

ನನ್ನ ವರ್ಷ ಒಳ್ಳೆಯದೇ ಇತ್ತು ಮಗು. ಕರಿ ಎರಡರಲ್ಲಿ ಹಾಡುತ್ತಿದ್ದವನು ಬಿಳಿ ಎರಡಕ್ಕೆ ಇಳಿದಿದ್ದೇನೆ. ಮೇಲಿನ ಷಡ್ಜದಲ್ಲಿ ನಿಲ್ಲುವುದು ಮೊದಲಿನಷ್ಟು ಸಲೀಸಲ್ಲ, ಮಂದ್ರ ಮಾತ್ರ ಇನ್ನೂ ಹಿತವಾಗಿದೆ. ಕೊರೊನಾ ಕಾಲದಲ್ಲಿ ಎರಡು ವರ್ಷ ಸಪ್ಪಗಿದ್ದ ಗಣಪತಿ ಪೆಂಡಾಲುಗಳು ಈ ಸಲ ತುಂಬಿದ್ದವು. ಶಿವಮೊಗ್ಗದಲ್ಲಿ ಹಾಡಿದೆ, ಇಲ್ಲಿ ಹಳೇನಗರದಲ್ಲಿ ಹಾಡಿದೆ. ಈಗ ಧನುರ್ಮಾಸ. ಬೆಳಗಿನ ಚಳಿಯಲ್ಲಿ ದೇವಸ್ಥಾನಕ್ಕೆ ಹೋಗಿ ಒಂದೆರಡು ದೇವರನಾಮ ಹಾಡಿ, ಹುಗ್ಗಿ ತಿಂದು ಬರುತ್ತೇನೆ.

ಆದರೆ ಈ ವರ್ಷ ನಮ್ಮ ಜಿಲ್ಲೆಯ ಎರಡು ದೊಡ್ಡ ದನಿಗಳು ಹೋದವು.

ಜನವರಿಯಲ್ಲಿ, ಗಣರಾಜ್ಯೋತ್ಸವದ ಹಿಂದಿನ ದಿನ ಬಂದ ಪದ್ಮಶ್ರೀ ಪಟ್ಟಿಯಲ್ಲಿ ಹೊಸಹಳ್ಳಿಯ ಎಚ್. ಆರ್. ಕೇಶವಮೂರ್ತಿಗಳ ಹೆಸರಿತ್ತು. ಕಾವ್ಯವನ್ನು ರಾಗವಾಗಿ ಓದುವ ಗಮಕ ಕಲೆಗೆ ಅಂಥ ಗೌರವ ಬಂದದ್ದಕ್ಕೆ ನಾವೆಲ್ಲ ನಮಗೇ ಬಂತೇನೋ ಅನ್ನುವ ಹಾಗೆ ಓಡಾಡಿದೆವು. ಇದೇ ಡಿಸೆಂಬರ್ 21ಕ್ಕೆ ಅವರು ತೀರಿಕೊಂಡರು. ಎಂಬತ್ತೆಂಟು ವರ್ಷದ ತುಂಬು ಜೀವನ, ನಿಜ. ಆದರೂ ಅವತ್ತಿಡೀ ನನಗೆ ಯಾವ ಕೆಲಸದಲ್ಲೂ ಕೈ ಓಡಲಿಲ್ಲ.

ನೀನು ಚಿಕ್ಕವಳಿದ್ದಾಗ ಒಮ್ಮೆ ನಿನ್ನನ್ನು ಹೊಸಹಳ್ಳಿಗೆ ಕರೆದುಕೊಂಡು ಹೋಗಿದ್ದೆ, ನೆನಪಿದೆಯೋ ಇಲ್ಲವೋ. ತುಂಗೆಯ ಒಂದು ದಡದಲ್ಲಿ ಮತ್ತೂರು, ಇನ್ನೊಂದು ದಡದಲ್ಲಿ ಹೊಸಹಳ್ಳಿ. ಮತ್ತೂರನ್ನು ಜನ ಸಂಸ್ಕೃತ ಮಾತಾಡುವ ಊರೆಂದು ನೋಡಲು ಬರುತ್ತಾರೆ. ಹೊಸಹಳ್ಳಿಯ ಗಮಕ ಕೇಳಲು ಬಂದವರು ಕಡಿಮೆ. ಕೇಶವಮೂರ್ತಿಗಳು ವಾಚನ ಮಾಡಿ, ಮತ್ತೂರು ಕೃಷ್ಣಮೂರ್ತಿಗಳು ವ್ಯಾಖ್ಯಾನ ಹೇಳಿದರೆ, ಎರಡು ದಡದ ಎರಡು ಊರು ಸೇರಿ ಕುಮಾರವ್ಯಾಸನನ್ನು ಎದುರಿಗೆ ತಂದು ಕೂರಿಸುತ್ತಿದ್ದವು. ಓದು ಬಾರದವರೂ ಕಣ್ಣೊರೆಸಿಕೊಳ್ಳುತ್ತಾ ಕೇಳಿದ್ದನ್ನು ನಾನು ನೋಡಿದ್ದೇನೆ.

ಅದು ಹೇಗೆ ಸಾಧ್ಯವಾಯಿತು ಅನ್ನುವುದನ್ನು ನಿನಗೆ ಸ್ವಲ್ಪ ಬಿಡಿಸಿ ಹೇಳಬೇಕು. ಭಾಮಿನಿ ಷಟ್ಪದಿಯ ಲೆಕ್ಕ ನಿನಗೆ ಶಾಲೆಯಲ್ಲಿ ಬಂದಿರುತ್ತದೆ. ಮೂರು ನಾಲ್ಕು, ಮೂರು ನಾಲ್ಕು ಅಂತ ಗಣಗಳು. ಒಂದು, ಎರಡು, ನಾಲ್ಕು, ಐದನೆಯ ಸಾಲಿಗೆ 14 ಮಾತ್ರೆ, ಮೂರು ಮತ್ತು ಆರನೆಯ ಸಾಲಿಗೆ 23. ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿ ಬರುವುದರಿಂದ ಕವಿ ಸಾಲಿನ ಕೊನೆಗೆ ಮಾತನ್ನು ನಿಲ್ಲಿಸಲೇಬೇಕೆಂದಿಲ್ಲ. ಒಂದು ಪದ ಈ ಸಾಲಿನಲ್ಲಿ ಹುಟ್ಟಿ ಮುಂದಿನ ಸಾಲಿನಲ್ಲಿ ಮುಗಿಯಬಹುದು. ಸಾಲು ನೋಡಿ ಉಸಿರು ತೆಗೆದುಕೊಳ್ಳುವವನು ಪದವನ್ನು ನಡುವೆ ಕತ್ತರಿಸುತ್ತಾನೆ. ಗಣ ನೋಡಿ ಓದುವವನು ಇನ್ನೂ ಚೂರು ಮಾಡುತ್ತಾನೆ. ಗಮಕದಲ್ಲಿ ತಾಳ ಹಾಕುವುದಿಲ್ಲ, ಲಯ ಛಂದಸ್ಸಿನಲ್ಲೇ ಇದೆ. ಆ ಲಯ ಕೆಡಬಾರದು, ಅರ್ಥವೂ ಒಡೆಯಬಾರದು. ಮುಖಾರಿಯೋ ಬಿಲಹರಿಯೋ ಅನ್ನುವುದು ಆಮೇಲಿನ ಪ್ರಶ್ನೆ. ಪದ್ಯದಲ್ಲಿ ಮಾತಾಡುತ್ತಿರುವವರು ಯಾರು, ಯಾರಿಗೆ, ಯಾವ ಮನಸ್ಸಿನಲ್ಲಿ ಎಂದು ಗೊತ್ತಾದ ಮೇಲೆ ರಾಗ ತಾನಾಗಿ ಬಂದು ನಿಲ್ಲುತ್ತದೆ. ನಾನೇ ಎಷ್ಟೋ ವರ್ಷ ಮೊದಲು ರಾಗ ಆರಿಸಿಕೊಂಡು ಆಮೇಲೆ ಪದ್ಯದ ಅರ್ಥ ಹುಡುಕುತ್ತಿದ್ದೆ.

ಇನ್ನೊಬ್ಬರು ಶಿವಮೊಗ್ಗ ಸುಬ್ಬಣ್ಣನವರು. ಆಗಸ್ಟ್ 11ರ ರಾತ್ರಿ ಬೆಂಗಳೂರಿನಲ್ಲಿ ಹೋದರು. ಹೊಸನಗರ ತಾಲ್ಲೂಕಿನ ನಗರದ ಹುಡುಗ, ಓದಿದ್ದು ಕಾನೂನು, ವೃತ್ತಿಯಲ್ಲಿ ವಕೀಲ, ನೋಟರಿ. ಕಂಬಾರರ ‘ಕಾಡು ಕುದುರೆ’ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಬಂತು. ಹಿನ್ನೆಲೆ ಗಾಯನಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಕನ್ನಡಿಗರು ಅವರೇ. ಅವರ ದನಿ ನುಣುಪಾದ ದನಿಯಲ್ಲ, ಕಂಚಿನ ದನಿ. ಆ ಕಂಚಿನ ದನಿಯಲ್ಲಿ ಒಂದೊಂದು ಅಕ್ಷರವೂ ತನ್ನ ಜಾಗದಲ್ಲಿ ನೆಟ್ಟಗೆ ನಿಂತಿರುತ್ತಿತ್ತು. ಮಹಾಪ್ರಾಣವನ್ನು ಎಲ್ಲೂ ನುಂಗಲಿಲ್ಲ, ಳಕಾರವನ್ನು ಲಕಾರ ಮಾಡಲಿಲ್ಲ. ಶರೀಫರ ಪದ ಹಾಡಿದರೂ ಕುವೆಂಪು ಗೀತೆ ಹಾಡಿದರೂ ಕವಿ ಏನು ಹೇಳಿದ್ದಾರೆ ಅನ್ನುವುದು ಕೊನೆಯ ಸಾಲಿನಲ್ಲಿ ಕೂತವನಿಗೂ ಮುಟ್ಟುತ್ತಿತ್ತು.

ಭಾವಗೀತೆಗೆ ನಮ್ಮ ಜಿಲ್ಲೆ ಕೊಟ್ಟದ್ದು ಸಣ್ಣದಲ್ಲ, ಅದನ್ನು ನೀನು ಬೆಂಗಳೂರಿನಲ್ಲಿ ಹೆಮ್ಮೆಯಿಂದ ಹೇಳು. ಜಿ. ಎಸ್. ಶಿವರುದ್ರಪ್ಪನವರು ಶಿಕಾರಿಪುರದವರು, ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರು ಶಿವಮೊಗ್ಗದವರು, ನಿಸಾರ್ ಅಹಮದರು ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದವರು. ನಿಸಾರರ ‘ನಿತ್ಯೋತ್ಸವ’ 1978ರಲ್ಲಿ ಮೈಸೂರು ಅನಂತಸ್ವಾಮಿಗಳ ಸಂಗೀತದಲ್ಲಿ ಕ್ಯಾಸೆಟ್ಟಾಗಿ ಬಂದಾಗ ಕನ್ನಡದ ಕವಿತೆ ಮನೆಮನೆಗೆ ಹೋಯಿತು. ನಾವು ಅದನ್ನು ಟೇಪು ಎಳೆದುಹೋಗುವಷ್ಟು ಸಲ ಕೇಳಿದೆವು. ಅದಕ್ಕೂ ಮೊದಲು ನಮ್ಮ ಪಾಲಿಗೆ ಇದ್ದದ್ದು ರೇಡಿಯೋ. ಭದ್ರಾವತಿ ಆಕಾಶವಾಣಿ 1965ರಲ್ಲಿ ಶುರುವಾದಾಗ ನಾನು ಮಿಡ್ಲ್ ಸ್ಕೂಲಿನ ಹುಡುಗ. ನಮ್ಮ ಊರ ಹೆಸರನ್ನು ರೇಡಿಯೋದಲ್ಲಿ ಹೇಳುತ್ತಾರೆ ಅನ್ನುವುದೇ ನಮಗೆ ದೊಡ್ಡ ಸಂಗತಿಯಾಗಿತ್ತು. ನಿನ್ನ ಅಜ್ಜಿ ಮುಸುರೆ ತಿಕ್ಕುತ್ತಾ ಕಾವ್ಯವಾಚನ ಕೇಳಿ, ಮಧ್ಯಾಹ್ನ ಅದೇ ಪ್ರಸಂಗವನ್ನು ನಮಗೆ ಕಥೆಯಾಗಿ ಹೇಳುತ್ತಿದ್ದಳು. ಅವಳಿಗೆ ಮಾತು ಬಿಟ್ಟುಹೋಗಿದ್ದರೆ ಕಥೆ ಎಲ್ಲಿಂದ ಬರುತ್ತಿತ್ತು?

ಅಕ್ಟೋಬರ್ 28ಕ್ಕೆ ನಾಡಿನವರೆಲ್ಲ ಒಟ್ಟಿಗೆ ಕನ್ನಡ ಹಾಡು ಹಾಡುವ ಕೋಟಿ ಕಂಠ ಗಾಯನ ನಡೆಯಿತಲ್ಲ, ಅದಕ್ಕೆ ಇಲ್ಲೊಂದು ಶಾಲೆಯ ಮಕ್ಕಳಿಗೆ ಅಭ್ಯಾಸ ಮಾಡಿಸಲು ಕರೆದಿದ್ದರು. ಆರು ಹಾಡು, ಅದರಲ್ಲಿ ಎರಡು ನಮ್ಮ ಕುಪ್ಪಳಿಯ ಕುವೆಂಪು ಅವರದು. ಮಕ್ಕಳ ಗಂಟಲು ಎಷ್ಟು ಚೆಂದ ಅಂದರೆ ಕೇಳಿಯೇ ಹೊಟ್ಟೆ ತುಂಬುತ್ತದೆ. ಆದರೆ ಧಾಟಿ ಬಂದಿತ್ತು, ಮಾತು ಬಂದಿರಲಿಲ್ಲ. ಹಾರ್ಮೋನಿಯಂ ಮುಚ್ಚಿಟ್ಟು ಮೊದಲ ದಿನ ಬರೀ ಓದಿಸಿದೆ. ಮರುದಿನ ಅರ್ಥ ಹೇಳಿದೆ. ಮೂರನೆಯ ದಿನ ಹಾಡಿದಾಗ ಅದೇ ಮಕ್ಕಳು, ಅದೇ ಧಾಟಿ, ಹಾಡು ಮಾತ್ರ ಬೇರೆಯೇ ಆಗಿತ್ತು. ಈ ವರ್ಷ ನಾನು ಮಾಡಿದ ಕೆಲಸಗಳಲ್ಲಿ ನನಗೆ ಹೆಚ್ಚು ತೃಪ್ತಿ ಕೊಟ್ಟದ್ದು ಅದು.

ಈಗ ನಿನ್ನ ಹಾಡಿಗೆ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಹೋದ ವಾರ ಕಳಿಸಿದ ವಿಡಿಯೋವನ್ನು ಮತ್ತೆ ಮತ್ತೆ ಕೇಳಿದೆ. ಶ್ರುತಿ ಎಲ್ಲೂ ಜಾರಿಲ್ಲ. ಸಂಗತಿಗಳು ಸೊಗಸಾಗಿವೆ, ನಿನ್ನ ವಯಸ್ಸಿನಲ್ಲಿ ನನಗೆ ಅಷ್ಟು ಬರುತ್ತಿರಲಿಲ್ಲ. ಆದರೆ ಟ್ರ್ಯಾಕ್ ನಿನ್ನನ್ನು ಎಳೆದುಕೊಂಡು ಹೋಗುತ್ತಿದೆ. ಅದು ಜಾಗ ಕೊಟ್ಟ ಕಡೆ ನೀನು ಉಸಿರು ತೆಗೆದುಕೊಂಡಿದ್ದೀಯೇ ಹೊರತು ಕವಿ ಜಾಗ ಕೊಟ್ಟ ಕಡೆ ಅಲ್ಲ. ‘ತಾನೊಲಿದು’ ಅನ್ನುವಂಥ ಪದವನ್ನು ‘ತಾನೊ’ ಎಂದು ಎಳೆದು, ನಿಲ್ಲಿಸಿ, ಆಮೇಲೆ ‘ಲಿದು’ ಅಂದರೆ ಕೇಳುವವನಿಗೆ ಮೊದಲ ತುಂಡು ಪ್ರಶ್ನೆಯಾಗುತ್ತದೆ, ಎರಡನೆಯ ತುಂಡು ಏನೂ ಆಗುವುದಿಲ್ಲ. ನಿನ್ನ ಹಾಡಿನಲ್ಲಿ ಅಂಥ ಜಾಗ ಮೂರಿವೆ. ಎಲ್ಲೆಲ್ಲಿ ಅಂತ ನಾನು ಹೇಳುವುದಿಲ್ಲ, ಕಣ್ಣು ಮುಚ್ಚಿ ಕೇಳು, ನಿನಗೇ ಗೊತ್ತಾಗುತ್ತದೆ.

ನಿನ್ನ ಪಟ್ಟಿಯಲ್ಲಿ ಯಾವುದನ್ನೂ ಅಳಿಸು ಅನ್ನುವುದಿಲ್ಲ ಮಗು. ಪರೀಕ್ಷೆ ಕಟ್ಟು, ಧ್ವನಿಪರೀಕ್ಷೆಗೂ ಅರ್ಜಿ ಹಾಕು. ಆದರೆ ವಾರಕ್ಕೊಂದು ಹಾಡು ಅನ್ನುವುದನ್ನು ತಿಂಗಳಿಗೊಂದು ಮಾಡಿಕೋ. ಉಳಿದ ಮೂರು ವಾರ ಆ ಕವಿತೆಯನ್ನು ಹಾಡದೆ ಇಟ್ಟುಕೋ. ಮೊದಲು ಗಟ್ಟಿಯಾಗಿ ಓದು, ಪದ ಬಿಡಿಸಿ ಬರೆ, ಗೊತ್ತಿಲ್ಲದ ಮಾತಿಗೆ ನಿಘಂಟು ನೋಡು. ಆಮೇಲೆ ನಿನ್ನಮ್ಮನಿಗೆ ಅದನ್ನು ಬರೀ ಮಾತಿನಲ್ಲಿ ಹೇಳು. ಅವಳಿಗೆ ತಿಳಿಯಿತು ಅಂದರೆ ಶ್ರುತಿಪೆಟ್ಟಿಗೆ ಹಚ್ಚು. ಇದಿಷ್ಟೇ ನಾನು ನಿನ್ನಿಂದ ಕೇಳುವುದು.

ನನ್ನ ಕೆಲಸವನ್ನೂ ಕೇಳಿದ್ದೆಯಲ್ಲ. ನಾನು ದುಡಿದ ಇಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಉತ್ಪಾದನೆ ಶುರುವಾಗಿ ಬರುವ 2023ಕ್ಕೆ ನೂರು ವರ್ಷ. ನಮ್ಮ ಹಳೆಯ ಸಹೋದ್ಯೋಗಿಗಳು ಒಂದು ಸಂಜೆ ಸೇರುವ ಮಾತಾಡುತ್ತಿದ್ದಾರೆ, ಅಲ್ಲಿ ಹಾಡಬೇಕು. ಅದಕ್ಕಿಂತ ಮುಖ್ಯವಾದದ್ದು ಕುಮಾರವ್ಯಾಸನ ಕರ್ಣಭೇದನ. ಕೃಷ್ಣ ಕರ್ಣನನ್ನು ತನ್ನ ರಥದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಹುಟ್ಟಿನ ಗುಟ್ಟು ಹೇಳುವ ಭಾಗ. ಕೃಷ್ಣನ ಮಾತು ಸವಿಯಾಗಿದೆ, ಒಳಗೆ ಲೆಕ್ಕಾಚಾರವಿದೆ. ಕರ್ಣನಿಗೆ ಆ ಲೆಕ್ಕಾಚಾರವೂ ಗೊತ್ತು, ತಾಯಿಯ ಹೆಸರು ಕೇಳಿದ ಸಂಕಟವೂ ಉಂಟು. ಈ ಎರಡು ದನಿಯನ್ನು ಒಂದೇ ಗಂಟಲಿನಲ್ಲಿ ಬೇರೆ ಮಾಡಿ ತೋರಿಸುವುದು ನನಗೆ ಇನ್ನೂ ಪೂರ್ತಿ ಒಲಿದಿಲ್ಲ. ಮುಂದಿನ ವರ್ಷವನ್ನು ಅದಕ್ಕೇ ಕೊಡುತ್ತೇನೆ. ನೀನು ವಾಚನಕ್ಕೆ ಜೊತೆ ಕೂರುವುದಾದರೆ ವ್ಯಾಖ್ಯಾನ ನಾನು ಹೇಳುತ್ತೇನೆ. ಪುಸ್ತಕ ಹುಡುಕಬೇಡ, ಕುವೆಂಪು ಮತ್ತು ಮಾಸ್ತಿ ಸಂಪಾದಿಸಿದ ಹಳೆಯ ಪ್ರತಿ ಮನೆಯಲ್ಲೇ ಇದೆ, ರಟ್ಟು ಹೊಸದಾಗಿ ಹಾಕಿಸಿದ್ದೇನೆ.

ಸಂಕ್ರಾಂತಿಗೆ ಎರಡು ದಿನ ಹೆಚ್ಚಿಗೆ ರಜೆ ಹಾಕಿ ಬಾ. ರಾತ್ರಿ ರೈಲಿಗೆ ಹತ್ತಿದರೆ ಬೆಳಗಿನ ಜಾವ ಇಲ್ಲಿ ಇಳಿಯುತ್ತೀಯ, ನಾನೇ ಸ್ಟೇಷನ್ನಿಗೆ ಬಂದಿರುತ್ತೇನೆ, ಆಟೋ ಹಿಡಿಯಬೇಡ. ಕಿವಿಗೆ ಬಟ್ಟೆ ಕಟ್ಟಿಕೊಂಡು ಬಾ, ಈ ಚಳಿಗೆ ಗಂಟಲು ಕಟ್ಟಿದರೆ ಮೊದಲ ಎರಡು ದಿನ ಕಷಾಯದಲ್ಲೇ ಕಳೆಯುತ್ತದೆ. ಆ ಮೂರು ಜಾಗ ಸಿಕ್ಕಿದರೆ ಬರುವ ಮೊದಲೇ ಫೋನು ಮಾಡು.

ಇತಿ ನಿನ್ನ
ಮಾವ