ಘಾಟಿ ಹತ್ತುವ ಮುನ್ನ

ಪುಟ್ಟೀ,

ಶನಿವಾರ, ಭಾನುವಾರ ನೇತ್ರಾಣಿಯಲ್ಲಿ ಡೈವ್ ಮಾಡಿ, ಭಾನುವಾರ ಸಂಜೆಯೇ ಮುರುಡೇಶ್ವರದಿಂದ ಬಸ್ಸು ಹಿಡಿದು, ಸೋಮವಾರ ಬೆಳಿಗ್ಗೆ ಬೆಂಗಳೂರಿನ ಆಫೀಸಿನಲ್ಲಿರುತ್ತೇನೆ ಎಂದು ಬರೆದಿದ್ದೀಯ. ನಿನ್ನಮ್ಮ ಫೋನು ಮಾಡಿ ‘ನೀನಾದರೂ ಹೇಳೋ ಅವಳಿಗೆ’ ಅಂದಳು. ಅವಳಿಗಿರುವುದು ಶಾರ್ಕಿನ ಭಯ. ನನಗೆ ಆ ಬಸ್ಸಿನ ಭಯ. ಅದೇ ಬಸ್ಸು ಹಿಡಿಯುವ ನಿನ್ನ ವಯಸ್ಸಿನವರು ಇನ್ನೂ ಇದ್ದಾರಲ್ಲ, ಅದಕ್ಕೇ ಈ ಕಾಗದವನ್ನು ಪತ್ರಿಕೆಗೇ ಕೊಟ್ಟೆ.

ಎದೆಮಟ್ಟಕ್ಕಿಂತ ಆಳದ ನೀರಿಗೆ ನಾನು ಇಳಿದವನಲ್ಲ, ನಿನಗೇ ಗೊತ್ತು. ಆದರೆ ನೀನು ಮನೆಯಲ್ಲಿ ಬಿಟ್ಟುಹೋದ ಡೈವಿಂಗ್ ಪುಸ್ತಕ ಓದಿದಾಗ, ಇದು ನಮ್ಮ ಬೆಟ್ಟದ ಕಥೆಯೇ, ತಲೆಕೆಳಗಾಗಿದೆ ಅಷ್ಟೆ ಅನಿಸಿತು. 5,500 ಮೀಟರ್ ಹತ್ತಿದರೆ ಗಾಳಿಯ ಒತ್ತಡ ಅರ್ಧಕ್ಕಿಳಿಯುತ್ತದೆ. ನೀನು ಬರೀ 10 ಮೀಟರ್ ಮುಳುಗಿದರೆ ಅದು ಇಮ್ಮಡಿ. 3,000 ಮೀಟರ್ ದಾಟಿದ ಮೇಲೆ ನಾವು ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸುವುದಿಲ್ಲ. ಒಂದೊಂದು ಹೆಜ್ಜೆಗೂ ಏದುಸಿರು ಬರಿಸಿ ಬೆಟ್ಟ ಮೊದಲೇ ಹೆದರಿಸಿರುತ್ತದೆ. ಸಮುದ್ರಕ್ಕೆ ಆ ಸೌಜನ್ಯವಿಲ್ಲ, ಹಾಯಾಗಿ ತೇಲಿಸಿಕೊಂಡು ಹೋಗುತ್ತದೆ.

ಒಮ್ಮೆ ಗಢವಾಲದಲ್ಲಿ, 5,000 ಮೀಟರಿನ ಆಸುಪಾಸಿನ ಕ್ಯಾಂಪು. ರಾತ್ರಿಯಿಡೀ ತಲೆನೋವು. ಹೇಳಿದರೆ ಕೆಳಗೆ ಕಳಿಸುತ್ತಾರಲ್ಲ ಎಂದು ಬೆಳಿಗ್ಗೆ ‘ಚೆನ್ನಾಗಿದ್ದೇನೆ’ ಅಂದೆ. ಬೂಟಿನ ಲೇಸು ಕಟ್ಟಲು ಕೂತವನು ಒಂದೇ ಗಂಟನ್ನು ಮೂರು ಸಲ ಹಾಕಿ ಮೂರು ಸಲ ಬಿಚ್ಚಿದೆನಂತೆ. ಎದುರಿಗಿದ್ದ ಜೊತೆಗಾರ ಏನೂ ಕೇಳಲಿಲ್ಲ. ನನ್ನ ಚೀಲವನ್ನೂ ತಾನೇ ಹೆಗಲಿಗೇರಿಸಿ ಕೆಳಗಿನ ದಾರಿ ಹಿಡಿದ. ಎರಡು ದಿನ ಅವನ ಜೊತೆ ಮಾತು ಬಿಟ್ಟಿದ್ದೆ. ಈಗಿನ ನಿನ್ನ ಮಿತಿ 18 ಮೀಟರ್. ಮುಂದೆ 30ರ ಹತ್ತಿರ ಹೋದಾಗ ಸಾರಜನಕದ ಅಮಲು ಏರಬಹುದು. ಅಮಲೇರಿದವರನ್ನೇ ‘ಅಮಲೇರಿದೆಯಾ’ ಎಂದು ಕೇಳಿ ಏನು ಬಂತು? ಜೊತೆಗಾರರು ಬೆರಳಲ್ಲಿ ತೋರಿಸುವ ‘ಓಕೆ’ಯನ್ನು ನಂಬಬೇಡ. ಅವರ ಕೈ ಮಾಡುತ್ತಿರುವ ಕೆಲಸ ನೋಡು.

ಹಿಂತಿರುಗುವ ಲೆಕ್ಕವನ್ನು ನೆಟ್ಟಗಿರುವ ತಲೆಯಲ್ಲಿ ಮೊದಲೇ ಹಾಕಿಕೊಳ್ಳಬೇಕೆನ್ನುವುದು ಇದಕ್ಕೇ. 1996ರ ಮೇ 10ರಂದು ಎವರೆಸ್ಟಿನಲ್ಲಿ ಮಧ್ಯಾಹ್ನ ಎರಡು ಗಂಟೆ ಕಳೆದ ಮೇಲೂ ಹಲವರು ಏರುತ್ತಲೇ ಇದ್ದರು. ಬಿರುಗಾಳಿ ಬಂತು, ಎಂಟು ಜನ ಹೋದರು. ಅವರಲ್ಲೊಬ್ಬ ನ್ಯೂಜಿಲೆಂಡಿನ ರಾಬ್ ಹಾಲ್. ಅವತ್ತು ಅವನು ಶಿಖರ ಮುಟ್ಟಿದ್ದು ಐದನೆಯ ಸಲ! ಅದೇ ತಿಂಗಳ ಆರಂಭದಲ್ಲಿ ಸ್ವೀಡನ್ನಿನ ಯೊರಾನ್ ಕ್ರೊಪ್, ಊರಿನಿಂದ ನೇಪಾಳದವರೆಗೆ ಸೈಕಲ್ ತುಳಿದು ಬಂದ ಆ ಹುಚ್ಚ, ಶಿಖರ ಇನ್ನು ಸುಮಾರು 100 ಮೀಟರ್ ಇರುವಾಗ ಹೊತ್ತು ಮೀರಿತೆಂದು ತಿರುಗಿಬಿಟ್ಟ. ಮೇ 23ಕ್ಕೆ ಮತ್ತೆ ಹೋಗಿ, ಆಮ್ಲಜನಕದ ಸಿಲಿಂಡರಿಲ್ಲದೆ ಹತ್ತಿ ಬಂದ. (2002ರಲ್ಲಿ ಅಮೆರಿಕದ ಒಂದು ಬಂಡೆ ಏರುವಾಗ ಬಿದ್ದು ತೀರಿಕೊಂಡ. ಒಂದು ದಿನದ ವಿವೇಕ ಆಯುಷ್ಯಕ್ಕೆಲ್ಲ ಆಗಿಬರುವುದಿಲ್ಲ.)

ನಿನ್ನ ಸಿಲಿಂಡರಿನಲ್ಲಿ 200 ಬಾರ್ ಇದ್ದರೆ, ಮುಳ್ಳು 100 ತೋರಿಸಿದಾಗ ಹಿಂತಿರುಗುತ್ತೇವೆ, 50 ಉಳಿಸಿಕೊಂಡೇ ಮೇಲೆ ಬರುತ್ತೇವೆ ಎಂದು ದೋಣಿಯಲ್ಲೇ ಮಾತಾಗಲಿ. ಕೆಳಗೆ ಆಮೆ ಕಂಡ ಮೇಲೆ ಯಾರಿಗೂ ಲೆಕ್ಕ ಬೇಡವಾಗುತ್ತದೆ.

ಇನ್ನು ಬಸ್ಸು. ಆಳದಲ್ಲಿ ಒತ್ತಡಕ್ಕೆ ರಕ್ತದೊಳಗೆ ಕರಗಿದ ಸಾರಜನಕ ನಿಧಾನವಾಗಿ ಹೊರಹೋಗಬೇಕು. ನಿಮಿಷಕ್ಕೆ 9 ಮೀಟರಿಗಿಂತ ಬೇಗ ಏರಬೇಡ, 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲು ಎಂದು ನಿನಗೆ ಕಲಿಸಿರುವುದು ಅದಕ್ಕೇ. ಅವಸರ ಮಾಡಿದರೆ ಗೋಲಿ ಸೋಡಾದ ಗೋಲಿ ಒತ್ತಿದ ಹಾಗೆ, ಮೈಯೊಳಗೇ ಗುಳ್ಳೆ. ಎರಡು ದಿನ ಮುಳುಗಿದವರು ವಿಮಾನ ಹತ್ತಲು 18 ಗಂಟೆಯಾದರೂ ಕಾಯಬೇಕೆಂದು ನೀನೂ ಓದಿದ್ದೀಯ. ಆ ಲೆಕ್ಕ ಶುರುವಾಗುವುದು 600 ಮೀಟರ್ ಎತ್ತರದಿಂದಲೇ ಮಗಳೇ, ಬೆಂಗಳೂರು 900ರ ಮೇಲಿದೆ! ವಿಮಾನವನ್ನು ನೆನಪಿಟ್ಟುಕೊಂಡವರು ಘಾಟಿಯನ್ನು ಮರೆಯುತ್ತಾರೆ. ಭಾನುವಾರ ಮಧ್ಯಾಹ್ನ ನೀರಿನಿಂದ ಎದ್ದವಳು ಅದೇ ರಾತ್ರಿ ಸೀಟಿಗೊರಗಿ ಗೊರಕೆ ಹೊಡೆಯುತ್ತಲೇ ಬೆಟ್ಟ ಏರಿಬಿಡುತ್ತಾಳೆ.

ಭಟ್ಕಳದಲ್ಲಿ ನನ್ನ ಹಳೆಯ ಗೆಳೆಯನ ಮನೆಯಿದೆ. ಫೋನು ಮಾಡಿದ್ದೇನೆ, ಭಾನುವಾರ ರಾತ್ರಿಗೆ ಬಂಗುಡೆ ಸಾರು ಮಾಡಿಸಿರುತ್ತಾನೆ. ಟಿಕೆಟ್ಟನ್ನು ಸೋಮವಾರ ರಾತ್ರಿಗೆ ಬದಲಿಸಿಕೊ. ರಜೆಯ ಅರ್ಜಿ ಈಗಲೇ ಹಾಕು, ನೀರಿಗಿಳಿದ ಮೇಲಲ್ಲ.

ನಿನ್ನ ಸೋದರಮಾವ