ತಮ್ಮ ಒಪ್ಪಿಸಿಹೋದ ಹವಳ

ಪ್ರಥಮ ಪಿಯುಸಿ ತರಗತಿಯಲ್ಲಿ ನೈಡೇರಿಯಾ ವಂಶದ ಪಾಠ ಮಾಡುವಾಗ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ: "ಮೇಡಂ, ಹವಳ ಕಲ್ಲಲ್ವಾ? ಉಂಗುರಕ್ಕೆ ಹಾಕ್ತಾರಲ್ಲ?" ಈ ಪ್ರಶ್ನೆಗೆ ಎಷ್ಟೋ ವರ್ಷ ನಾನು ಪುಸ್ತಕ ನೋಡಿಯೇ ಉತ್ತರ ಹೇಳುತ್ತಿದ್ದೆ. ಈಗ ನಮ್ಮ ಮನೆಯ ಗಾಜಿನ ತೊಟ್ಟಿ ನೋಡಿ ಹೇಳುತ್ತೇನೆ. ಆ ಉತ್ತರ ಕಲಿಯಲು ನಾನು ತೆತ್ತ ಬೆಲೆಯನ್ನೂ ಈ ಲೇಖನದಲ್ಲಿ ಮುಚ್ಚಿಡದೆ ಬರೆಯುತ್ತಿದ್ದೇನೆ.

ತೊಟ್ಟಿ ನನ್ನದಲ್ಲ, ನನ್ನ ತಮ್ಮನದು. ಮೂರು ವರ್ಷ ಅದನ್ನು ಸಾಕಿ, ಕೆಲಸಕ್ಕೆಂದು ಗಲ್ಫ್‌ಗೆ ಹೊರಟಾಗ ನನ್ನ ಕೈಗೆ ಒಪ್ಪಿಸಿದ. "ಆಪಾ, ನೀನು ಜೀವಶಾಸ್ತ್ರ ಕಲಿಸುವವಳು. ನಿನಗಿಂತ ಚೆನ್ನಾಗಿ ಯಾರು ನೋಡಿಕೊಳ್ಳುತ್ತಾರೆ?" ಎಂದ. ಅದರಲ್ಲಿ ಒಂದು ಜೋಡಿ ಕ್ಲೌನ್ ಮೀನು, ಎರಡು ಸೀಗಡಿ, ಒಂದಷ್ಟು ಮೆದು ಹವಳಗಳಿದ್ದವು. ನಡುವೆ ನಾಯಿಕೊಡೆಯಂತೆ ಅರಳಿ ನಿಂತಿದ್ದ ಚರ್ಮ ಹವಳ ಅವನಿಗೆ ಎಲ್ಲಕ್ಕಿಂತ ಪ್ರಿಯ. ಹೆಬ್ಬೆರಳಿನಷ್ಟಿದ್ದ ತುಂಡನ್ನು ತಂದು ಊಟದ ತಟ್ಟೆಯಷ್ಟು ಅಗಲಕ್ಕೆ ಬೆಳೆಸಿದ್ದ.

ಮೆದು ಹವಳ ಎಂದರೇನು?

ಹವಳ ಪ್ರಾಣಿ. ಸರಿಯಾಗಿ ಹೇಳುವುದಾದರೆ ಪಾಲಿಪ್ ಎಂಬ ಸಣ್ಣ ಪ್ರಾಣಿಗಳ ಗುಂಪು. ಪ್ರತಿ ಪಾಲಿಪ್‌ಗೆ ಒಂದು ಬಾಯಿ, ಅದರ ಸುತ್ತ ಗ್ರಹಣಾಂಗಗಳು, ಅವುಗಳಲ್ಲಿ ಕುಟುಕು ಕೋಶಗಳು. ನೀವು ಪಾಠದಲ್ಲಿ ಓದಿದ ಹೈಡ್ರಾದ ದೂರದ ಸಂಬಂಧಿ ಇದು.

ಗಟ್ಟಿ ಹವಳಗಳ ಪಾಲಿಪ್‌ಗಳು ತಮ್ಮ ಬುಡದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಗಟ್ಟಿ ಗೂಡು ಕಟ್ಟುತ್ತವೆ. ಸಮುದ್ರದ ಹವಳ ದಿಬ್ಬಗಳು ಮುಖ್ಯವಾಗಿ ಇವುಗಳ ಕೆಲಸ. ಮೆದು ಹವಳಗಳಿಗೆ ಅಂಥ ಗೂಡಿಲ್ಲ. ಮಾಂಸಲ ದೇಹದೊಳಗೆ ಸ್ಕ್ಲೀರೈಟ್ ಎಂಬ ಸೂಕ್ಷ್ಮ ಸುಣ್ಣದ ಮುಳ್ಳುಗಳು ಹರಡಿರುತ್ತವೆ, ಅಷ್ಟೆ. ಇವನ್ನು ಗುರುತಿಸಲು ಒಂದು ಸುಲಭ ದಾರಿ ಇದೆ: ಪಾಲಿಪ್‌ನ ಗ್ರಹಣಾಂಗಗಳನ್ನು ಎಣಿಸಿ. ಮೆದು ಹವಳದಲ್ಲಿ ಎಂಟು ಇರುತ್ತವೆ, ಒಂದೊಂದೂ ಹಕ್ಕಿಯ ಗರಿಯಂತೆ ಅಂಚು ಸೀಳಿಕೊಂಡಿರುತ್ತದೆ. ಗಟ್ಟಿ ಹವಳದಲ್ಲಿ ಸಾಮಾನ್ಯವಾಗಿ ಆರು ಅಥವಾ ಆರರ ಗುಣಕಗಳಲ್ಲಿರುತ್ತವೆ. ಉಂಗುರಕ್ಕೆ ಹಾಕುವ ಕೆಂಪು ಹವಳ, ಅಂದರೆ ಉರ್ದುವಿನಲ್ಲಿ ನಾವು ಮರ್ಜಾನ್ ಎನ್ನುವುದು, ಗಟ್ಟಿಯಾಗಿದ್ದರೂ ಈ ಎಂಟು ಗ್ರಹಣಾಂಗಗಳ ಬಳಗಕ್ಕೇ ಸೇರಿದ್ದು. ಹಾಗಾಗಿ ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ಉತ್ತರ: ಉಂಗುರದಲ್ಲಿರುವುದು ಪ್ರಾಣಿಗಳ ಅಸ್ಥಿಪಂಜರ.

ಇನ್ನೊಂದು ವಿಶೇಷವಿದೆ. ಮನೆಯಲ್ಲಿ ಸಾಕುವ ಹೆಚ್ಚಿನ ಮೆದು ಹವಳಗಳ ಜೀವಕೋಶಗಳ ಒಳಗೆ ಜೂಕ್ಸಾಂತೆಲ್ಲೆ ಎಂಬ ಏಕಕೋಶ ಪಾಚಿಗಳು ವಾಸಿಸುತ್ತವೆ. ಪಾಚಿ ದ್ಯುತಿಸಂಶ್ಲೇಷಣೆ ನಡೆಸಿ ಆಹಾರದ ದೊಡ್ಡ ಪಾಲನ್ನು ಹವಳಕ್ಕೆ ಕೊಡುತ್ತದೆ. ಹವಳ ಪಾಚಿಗೆ ವಾಸಸ್ಥಳ, ಇಂಗಾಲದ ಡೈಆಕ್ಸೈಡ್ ಮತ್ತು ಸಾರಜನಕದ ತ್ಯಾಜ್ಯ ಒದಗಿಸುತ್ತದೆ. ಸಹಜೀವನಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಉಪ್ಪುನೀರಿನ ಲೆಕ್ಕ

ನಮ್ಮ ತೊಟ್ಟಿ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಸುಮಾರು 190 ಲೀಟರ್ ಹಿಡಿಯುತ್ತದೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಹಾಗಾದರೆ 190 × 35 = 6,650 ಗ್ರಾಂ, ಅಂದರೆ ಸುಮಾರು ಆರೂಮುಕ್ಕಾಲು ಕಿಲೋ ಲವಣ ಬೇಕು. ಅಡುಗೆ ಉಪ್ಪು ಸುರಿದರೆ ಆಗುವುದಿಲ್ಲವೇ? ಇಲ್ಲ. ಅದು ಬಹುತೇಕ ಸೋಡಿಯಂ ಕ್ಲೋರೈಡ್ ಮಾತ್ರ. ಸಮುದ್ರದಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟ್, ಬೈಕಾರ್ಬೊನೇಟ್ ಎಲ್ಲವೂ ತಕ್ಕ ಪ್ರಮಾಣದಲ್ಲಿವೆ. ಆದ್ದರಿಂದ ಇದಕ್ಕೆಂದೇ ಮಾರುವ ಲವಣ ಮಿಶ್ರಣ ಬಳಸಬೇಕು. ನಲ್ಲಿ ನೀರಿನಲ್ಲಿ ಕ್ಲೋರಿನ್, ನೈಟ್ರೇಟ್, ಲೋಹದ ಅಂಶಗಳು ಇರಬಹುದಾದ್ದರಿಂದ ಶುದ್ಧೀಕರಿಸಿದ ಆರ್‌ಒ ನೀರಿನಲ್ಲಿ ಮಿಶ್ರಣ ಕರಗಿಸಬೇಕು. ರಿಫ್ರಾಕ್ಟೋಮೀಟರ್‌ನಲ್ಲಿ ನೋಡಿದರೆ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸಿನಲ್ಲಿರಬೇಕು.

ಕರಾವಳಿಯ ಸೆಕೆಯಲ್ಲಿ ಇನ್ನೊಂದು ಲೆಕ್ಕವಿದೆ. ಹವಳಕ್ಕೆ 24ರಿಂದ 27 ಡಿಗ್ರಿ ಸೆಲ್ಸಿಯಸ್ ಹಿತ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕೋಣೆಯೇ ಅದಕ್ಕಿಂತ ಬಿಸಿ. ಚಿಲ್ಲರ್ ದುಬಾರಿಯಾದ್ದರಿಂದ ತಮ್ಮ ನೀರಿನ ಮೇಲೆ ಸಣ್ಣ ಫ್ಯಾನ್‌ಗಳನ್ನು ಕಟ್ಟಿದ್ದ. ಆವಿಯಾಗುವಾಗ ನೀರು ತಂಪಾಗುತ್ತದೆ, ಮಣ್ಣಿನ ಮಡಕೆಯ ನೀರು ತಂಪಾಗುವ ಹಾಗೆಯೇ. ಆದರೆ ಆವಿಯಾಗುವುದು ನೀರು ಮಾತ್ರ, ಲವಣ ತೊಟ್ಟಿಯಲ್ಲೇ ಉಳಿಯುತ್ತದೆ. 190 ಲೀಟರಿನಲ್ಲಿ 10 ಲೀಟರ್ ಆವಿಯಾದರೆ ಲವಣಾಂಶ 35ರಿಂದ ಸುಮಾರು 37ಕ್ಕೆ ಏರುತ್ತದೆ. ಆದ್ದರಿಂದ ಕಡಿಮೆಯಾದಷ್ಟನ್ನು ಪ್ರತಿದಿನ ಸಿಹಿನೀರಿನಿಂದ ತುಂಬಬೇಕು, ಉಪ್ಪುನೀರಿನಿಂದಲ್ಲ.

ಕಾಯುವುದು ಯಾಕೆ?

ಹೊಸ ತೊಟ್ಟಿಗೆ ನೀರು ತುಂಬಿದ ಕೂಡಲೇ ಹವಳ ಇಡುವಂತಿಲ್ಲ. ಮೀನಿನ ತ್ಯಾಜ್ಯ, ಉಳಿದ ಆಹಾರ ಇವುಗಳಿಂದ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಮೊದಲೆರಡು ವಿಷ, ಮೂರನೆಯದು ಸ್ವಲ್ಪ ಪ್ರಮಾಣದಲ್ಲಿ ಸಹ್ಯ. ಈ ಬ್ಯಾಕ್ಟೀರಿಯಾ ಕಲ್ಲು, ಮರಳಿನ ಮೇಲೆ ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸುವವರೆಗೆ ಕಾಯಬೇಕು. ಆಮೇಲೆ ವಾರಕ್ಕೊಮ್ಮೆ ಹತ್ತನೇ ಒಂದು ಭಾಗ ನೀರು ಬದಲಿಸುವುದು ವಾಡಿಕೆ.

ಬೆಳಕು ದಿನಕ್ಕೆ ಎಂಟರಿಂದ ಹತ್ತು ಗಂಟೆ ಸಾಕು. ಪಂಪಿನ ಹರಿವು ಮಧ್ಯಮವಾಗಿರಬೇಕು, ಹವಳ ಓಲಾಡಬೇಕೇ ಹೊರತು ಮಡಚಿಕೊಳ್ಳಬಾರದು. ಜೀನಿಯಾ ಬಳಗದ ಹವಳಗಳು ತಾವೇ ಮುಷ್ಟಿ ಬಿಚ್ಚಿ ಮುಚ್ಚಿದಂತೆ ಮಿಡಿಯುತ್ತವೆ. ಈ ಮಿಡಿತ ಆಮ್ಲಜನಕ ತುಂಬಿದ ನೀರನ್ನು ದೂರ ತಳ್ಳಿ ಒಳಗಿನ ಪಾಚಿಯ ದ್ಯುತಿಸಂಶ್ಲೇಷಣೆಗೆ ನೆರವಾಗುತ್ತದೆ ಎಂದು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಚರ್ಮ ಹವಳ ಒಮ್ಮೊಮ್ಮೆ ಹಲವು ದಿನ ಮುದುಡಿ, ಮೇಣದಂಥ ಪೊರೆ ಕಳಚುತ್ತದೆ. ಅದು ಕಾಯಿಲೆಯಲ್ಲ, ಮೈ ತೊಳೆದುಕೊಳ್ಳುವ ರೀತಿ. ಮೊದಲ ತಿಂಗಳು ಇದನ್ನು ಕಂಡು ನಾನು ಗಾಬರಿಯಾಗಿ ತಮ್ಮನಿಗೆ ಫೋನ್ ಮಾಡಿದ್ದೆ. ಅವನು ನಕ್ಕು, "ಸುಮ್ನೆ ಬಿಡು ಆಪಾ, ಕೈ ಹಾಕಬೇಡ" ಎಂದಿದ್ದ. ಆ ಮಾತು ಮುಂದೆ ನನಗೆ ನೆನಪಿರಬೇಕಿತ್ತು.

ನಾನು ಮಾಡಿದ ತಪ್ಪು

ಐದನೇ ತಿಂಗಳಲ್ಲಿ ಕ್ಲೌನ್ ಮೀನುಗಳ ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳು ಕಂಡವು. ಅದೊಂದು ಪರಾವಲಂಬಿ ಪ್ರೋಟೋಜೋವಾದ ಕಾಟ. ಅವತ್ತೇ ಸಂಜೆ ಔಷಧಿ ತಂದೆ. ಅದು ತಾಮ್ರದ ಔಷಧಿ. ಮೌಲ್ಯಮಾಪನದ ದಿನಗಳು, ತಲೆ ತುಂಬ ಕೆಲಸ. ತೊಟ್ಟಿಗೇ ಹನಿ ಎಣಿಸಿ ಹಾಕಿ ಮಲಗಿದೆ.

ಬೆಳಿಗ್ಗೆ ಸೀಗಡಿಗಳು ಸತ್ತುಬಿದ್ದಿದ್ದವು. ಜೀನಿಯಾ ಮಿಡಿಯುತ್ತಿರಲಿಲ್ಲ. ಚರ್ಮ ಹವಳ ಮುದುಡಿತ್ತು. 'ಪೊರೆ ಕಳಚುತ್ತಿರಬೇಕು' ಎಂದು ನನಗೆ ನಾನೇ ಹೇಳಿಕೊಂಡೆ. ಮೂರನೇ ದಿನ ಅದರ ಅಂಚು ಕಂದಾಗಿ ಕರಗತೊಡಗಿತು, ಕೋಣೆಯಲ್ಲಿ ಕೊಳೆತ ವಾಸನೆ. ಆಗ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದೆ. ಅಕಶೇರುಕಗಳಿರುವ ತೊಟ್ಟಿಗೆ ಬಳಸಬಾರದು ಎಂದು ಸಣ್ಣ ಅಕ್ಷರಗಳಲ್ಲಿತ್ತು. 'ಪ್ರಶ್ನೆಯನ್ನು ಪೂರ್ತಿ ಓದಿ, ಆಮೇಲೆ ಉತ್ತರ ಬರೆಯಿರಿ' ಎಂದು ಪ್ರತಿ ಪರೀಕ್ಷೆಗೆ ಮೊದಲು ನಿಮಗೆ ಹೇಳುವವಳು ನಾನೇ.

ತಾಮ್ರ ಜೀವಿಗಳಿಗೆ ಅತ್ಯಲ್ಪ ಪ್ರಮಾಣದಲ್ಲಿ ಬೇಕು. ಹೆಚ್ಚಾದರೆ ಕಿಣ್ವಗಳ ಕೆಲಸ ಕೆಡಿಸುತ್ತದೆ. ಮೀನು ತಡೆದುಕೊಳ್ಳುವ ಪ್ರಮಾಣವನ್ನು ಹವಳ, ಸೀಗಡಿಗಳಂಥ ಅಕಶೇರುಕಗಳು ತಡೆದುಕೊಳ್ಳಲಾರವು. ಅದೂ ಅಲ್ಲದೆ ತಾಮ್ರ ಸುಣ್ಣದ ಕಲ್ಲು, ಮರಳಿಗೆ ಅಂಟಿಕೊಂಡು ಆಮೇಲೆ ನಿಧಾನವಾಗಿ ನೀರಿಗೆ ಬಿಡುಗಡೆಯಾಗುತ್ತದೆ. ಸರಿಯಾದ ಕ್ರಮವೆಂದರೆ ಮೀನುಗಳನ್ನು ಬೇರೆ ತೊಟ್ಟಿಗೆ ಸಾಗಿಸಿ ಅಲ್ಲಿ ಚಿಕಿತ್ಸೆ ಕೊಡುವುದು, ಮುಖ್ಯ ತೊಟ್ಟಿಯನ್ನು ಸುಮಾರು ಎರಡೂವರೆ ತಿಂಗಳು ಮೀನಿಲ್ಲದೆ ಬಿಡುವುದು. ಮೀನು ಸಿಗದ ಪರಾವಲಂಬಿ ತಾನೇ ನಾಶವಾಗುತ್ತದೆ. ಇದೆಲ್ಲ ನನಗೆ ಗೊತ್ತಿರದ ಜೀವಶಾಸ್ತ್ರವಲ್ಲ. ಅವಸರದಲ್ಲಿ ಬಳಸದೇ ಹೋದ ಜೀವಶಾಸ್ತ್ರ.

ಇದಕ್ಕಿಂತ ದೊಡ್ಡ ತಪ್ಪು ಬೇರೆ ಇದೆ. ನಾಲ್ಕು ದಿನ ನಾನು ತಮ್ಮನಿಗೆ ಹೇಳಲಿಲ್ಲ. ಪ್ರತಿ ರಾತ್ರಿ ಅವನು "ಹವಳ ಹೇಗಿದೆ ಆಪಾ?" ಎಂದು ಕೇಳುತ್ತಿದ್ದ, "ಚೆನ್ನಾಗಿದೆ" ಎನ್ನುತ್ತಿದ್ದೆ. ಐದನೇ ದಿನ ಅಮ್ಮಿ ಪಕ್ಕದಲ್ಲಿ ಕೂತು, "ಅಮಾನತ್ತು ಅವನದು. ಹಾಳಾದದ್ದು ಅವನಿಗೆ ಗೊತ್ತಾಗಬೇಡವಾ?" ಎಂದರು. ಹೇಳಿದೆ. ಫೋನಿನಲ್ಲಿ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಔಷಧಿ ಹಾಕಿದ್ದಕ್ಕೆ ಬೇಜಾರಿಲ್ಲ. ಮೊದಲ ದಿನವೇ ಹೇಳಿದ್ದರೆ ಅರ್ಧ ನೀರು ಬದಲಿಸಿ, ಆಕ್ಟಿವೇಟೆಡ್ ಕಾರ್ಬನ್ ಹಾಕಿ ಏನಾದರೂ ಮಾಡಬಹುದಿತ್ತೇನೋ" ಎಂದ. ಆ 'ಏನೋ'ಗೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ.

ತುಂಡಿನಿಂದ ಮರಳಿ

ಎರಡು ವರ್ಷದ ಹಿಂದೆ ತಮ್ಮ ಆ ಹವಳದ ಅಂಚನ್ನು ಬ್ಲೇಡಿನಿಂದ ಕೊಯ್ದು ಒಬ್ಬ ಗೆಳೆಯನಿಗೆ ಕೊಟ್ಟಿದ್ದ. ಮೆದು ಹವಳಗಳಲ್ಲಿ ಕೊಯ್ದ ತುಂಡು ಗಾಯ ಮಾಗಿಸಿಕೊಂಡು ಪೂರ್ಣ ಹವಳವಾಗಿ ಬೆಳೆಯಬಲ್ಲದು. ಇದು ಅಲೈಂಗಿಕ ಸಂತಾನೋತ್ಪತ್ತಿ. ತುಂಡು ಮತ್ತು ತಾಯಿ ಆನುವಂಶಿಕವಾಗಿ ಒಂದೇ, ಅಂದರೆ ಕ್ಲೋನ್.

ನಾನು ಹಳೆಯ ಕಲ್ಲು, ಮರಳು ಬಿಸಾಡಿ, ತೊಟ್ಟಿ ತೊಳೆದು, ಹೊಸದಾಗಿ ನೀರು ತುಂಬಿದೆ. ಈ ಸಲ ಆರು ವಾರ ಒಂದು ದಿನವೂ ಕಡಿಮೆ ಮಾಡದೆ ಕಾದೆ. ಮೀನುಗಳು ಅಷ್ಟು ದಿನ ಬೇರೆ ಟಬ್ಬಿನಲ್ಲಿದ್ದು ಗುಣವಾದವು. ಆಮೇಲೆ ಆ ಗೆಳೆಯ ತನ್ನ ಹವಳದಿಂದ ಹೆಬ್ಬೆರಳಿನಷ್ಟು ತುಂಡು ಕೊಯ್ದು ಕೊಟ್ಟ. ಲೋಳೆಯ ಮೈಗೆ ಅಂಟು ಹಿಡಿಯುವುದಿಲ್ಲವಾದ್ದರಿಂದ ಸಣ್ಣ ಕಲ್ಲಿನ ಮೇಲಿಟ್ಟು ಬಲೆಬಟ್ಟೆ ಸುತ್ತಿದೆ. ಕೆಲವು ವಾರಗಳಲ್ಲಿ ಕಲ್ಲು ಕಚ್ಚಿಕೊಂಡಿತು. ಈಗ ಚಹಾದ ಸಾಸರಿನಷ್ಟಾಗಿದೆ. ತಮ್ಮನಿಗೆ ವಾರಕ್ಕೊಂದು ಫೋಟೋ ಹೋಗುತ್ತದೆ, ಮುದುಡಿದ ವಾರವೂ ಸೇರಿ.

ಸಾಕುವ ಮುನ್ನ

ಮೊದಲನೆಯದು ಸುರಕ್ಷತೆ. ಮೆದು ಹವಳಗಳ ಜೊತೆಗೆ ಮಾರುವ ಗುಂಡಿ ಪಾಲಿಪ್‌ಗಳಲ್ಲಿ, ಅಂದರೆ ಜೋವಾಂತಿಡ್‌ಗಳಲ್ಲಿ, ಕೆಲವಕ್ಕೆ ಪ್ಯಾಲಿಟಾಕ್ಸಿನ್ ಎಂಬ ತೀವ್ರ ವಿಷವಿದೆ. ಕೈಗವಸು, ಕನ್ನಡಕವಿಲ್ಲದೆ ಮುಟ್ಟಬಾರದು. ಅವು ಅಂಟಿದ ಕಲ್ಲನ್ನು ಬಿಸಿನೀರಿನಲ್ಲಿ ಕುದಿಸಲೇಬಾರದು, ಆ ಹಬೆ ಅಪಾಯಕಾರಿ.

ಎರಡನೆಯದು ಕಾನೂನು. ಗಟ್ಟಿ ಹವಳ, ಕಪ್ಪು ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆ, ಆರ್ಗನ್ ಪೈಪ್ ಹವಳ ಇವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಇವುಗಳನ್ನು ಸಮುದ್ರದಿಂದ ತೆಗೆಯುವುದು, ಮಾರುವುದು ಅಪರಾಧ. ಮುರುಡೇಶ್ವರದ ಆಚೆ ನೇತ್ರಾಣಿಯಲ್ಲಿ ಹವಳಗಳಿವೆ, ನೋಡಿ ಬನ್ನಿ, ತುಂಡು ಕೂಡ ತರಬೇಡಿ. ಸಾಕಲೇಬೇಕೆಂದರೆ ಪಟ್ಟಿಯಲ್ಲಿಲ್ಲದ ಜಾತಿಯೇ ಎಂದು ಮೊದಲು ಖಚಿತಪಡಿಸಿಕೊಂಡು, ತೊಟ್ಟಿಯಲ್ಲೇ ತುಂಡಿನಿಂದ ಬೆಳೆಸಿದ್ದನ್ನು ಪಡೆಯಿರಿ.

ಮೂರನೆಯದು, ನಮ್ಮ ತೊಟ್ಟಿಯಲ್ಲಾದದ್ದು ಸಮುದ್ರದಲ್ಲೂ ಬೇರೆ ರೀತಿ ನಡೆಯುತ್ತಿದೆ. ನೀರಿನ ತಾಪ ಹೆಚ್ಚಾದಾಗ ಹವಳ ತನ್ನೊಳಗಿನ ಪಾಚಿ ಕಳೆದುಕೊಂಡು ಬಿಳಿಚುತ್ತದೆ. ಬಹಳ ದಿನ ಹಾಗೇ ಇದ್ದರೆ ಸಾಯುತ್ತದೆ. 1998ರಲ್ಲಿ ಲಕ್ಷದ್ವೀಪದ ಹವಳಗಳು ಹೀಗೆ ದೊಡ್ಡ ಪ್ರಮಾಣದಲ್ಲಿ ನಾಶವಾದವು. ಮಂಗಳೂರಿನ ಹಳೆ ಬಂದರಿನಿಂದ ಸಾಮಾನು ಹೊತ್ತು ಹೋಗುವ ಹಡಗುಗಳು ತಲುಪುವ ಆ ದ್ವೀಪಗಳು ನಿಂತಿರುವುದೇ ಹವಳದ ಮೇಲೆ. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ನಾಲ್ಕನೇ ಜಾಗತಿಕ ಹವಳ ಬಿಳಿಚುವಿಕೆಯನ್ನು ದೃಢಪಡಿಸಿದರು. ನಾನು ಗೆಳೆಯನಿಂದ ತುಂಡು ತಂದೆ. ಸಮುದ್ರಕ್ಕೆ ಹಾಗೆ ತುಂಡು ಕೊಡುವ ಗೆಳೆಯರಿಲ್ಲ.

ನಿಮಗೆ ನಾಲ್ಕು ಪ್ರಶ್ನೆಗಳು

1. 100 ಲೀಟರ್ ತೊಟ್ಟಿಯಲ್ಲಿ ಲವಣಾಂಶ ಲೀಟರಿಗೆ 35 ಗ್ರಾಂ ಇದೆ. 5 ಲೀಟರ್ ಆವಿಯಾದರೆ ಎಷ್ಟಾಗುತ್ತದೆ?
2. ನೀರಿನಲ್ಲಿ ತಾಮ್ರ ಲೀಟರಿಗೆ 0.2 ಮಿಲಿಗ್ರಾಂ ಇದೆ. ಎರಡು ಸಲ ಅರ್ಧರ್ಧ ನೀರು ಬದಲಿಸಿದರೆ ಎಷ್ಟು ಉಳಿಯಬೇಕು? ಕಲ್ಲುಗಳಿರುವ ತೊಟ್ಟಿಯಲ್ಲಿ ಕೆಲ ದಿನಗಳ ನಂತರ ಅಳೆದರೆ ಹೆಚ್ಚು ಬರಬಹುದು, ಯಾಕೆ?
3. ರಾತ್ರಿ ಕರೆಂಟ್ ಹೋಗಿ ಪಂಪ್ ನಿಂತರೆ ಹಗಲಿಗಿಂತ ಅಪಾಯ ಹೆಚ್ಚು. ಕಾರಣವೇನು?
4. ಗೆಳೆಯ ಕೊಟ್ಟ ತುಂಡನ್ನು 'ತಮ್ಮನ ಹವಳವೇ' ಎಂದು ನಾನು ಹೇಳಿದರೆ ಜೀವಶಾಸ್ತ್ರದ ದೃಷ್ಟಿಯಿಂದ ಸರಿಯೇ?

ಉತ್ತರ ಬರೆದು ಜೀವಶಾಸ್ತ್ರ ಪ್ರಯೋಗಾಲಯಕ್ಕೆ ತಂದುಕೊಡಿ. ಪ್ರಶ್ನೆಯನ್ನು ಪೂರ್ತಿ ಓದಿ ಬರೆಯಿರಿ.