ಲಿಂಬೆಹೋಳು, ಔಡಲದೆಲೆ, ಸೈಕಲ್ ಟ್ಯೂಬು: ಮನೆಯಲ್ಲೇ ಅಚ್ಚುಚಿತ್ರ

ಕಾರಹುಣ್ಣಿಮೆ ದಿನ ಬಸವನ ಬಾಗೇವಾಡಿ, ಸಿಂದಗಿ ಸೀಮೆಯ ಹಳ್ಳಿಗಳಲ್ಲಿ ಎತ್ತುಗಳ ಮೈ ತೊಳೆದು ಸಿಂಗರಿಸುತ್ತಾರೆ. ಬಣ್ಣದಲ್ಲಿ ಅದ್ದಿದ ಬಟ್ಟಲಿನ ಅಂಚನ್ನು ಎತ್ತಿನ ಮೈಗೆ ಒತ್ತಿ ಉಂಗುರ ಮೂಡಿಸುವುದೂ ಉಂಟು. ಒಂದು ಉಂಗುರ ತುಂಬಿ ಬರುತ್ತದೆ, ಮುಂದಿನದು ಅರ್ಧಕ್ಕೇ ಮಾಸುತ್ತದೆ. ಪೆನ್ಸಿಲ್ಲಿನಿಂದ ಗುರುತು ಹಾಕಿಕೊಂಡು ಒತ್ತುವವರು ಯಾರೂ ಇಲ್ಲ. ಅಚ್ಚುಚಿತ್ರದ ಮೂಲಪಾಠ ಇಲ್ಲೇ ಇದೆ: ಒಂದು ಮೇಲ್ಮೈಗೆ ಬಣ್ಣ ಹಚ್ಚಿ ಇನ್ನೊಂದಕ್ಕೆ ಒತ್ತಬೇಕು, ಬಂದದ್ದನ್ನು ನೋಡಿ ಮುಂದಿನದನ್ನು ಒತ್ತಬೇಕು.

ಚಿತ್ರ ಬರೆಯುವ ಆಸೆ ಇದ್ದೂ ಬಿಳಿ ಹಾಳೆ ಕಂಡರೆ ಕೈ ಹಿಂದೆಗೆಯುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಗೆರೆ ನೆಟ್ಟಗೆ ಬರಲಿಲ್ಲವೆಂಬ ಅಳುಕು ಇಲ್ಲಿ ಉಳಿಯುವುದಿಲ್ಲ. ಅರ್ಧ ಕೆಲಸ ನಿಮ್ಮದು, ಇನ್ನರ್ಧ ಎಲೆಯದು, ಕಾಗದದ್ದು, ಒತ್ತಡದ್ದು. ದುಬಾರಿ ಯಂತ್ರವೂ ಬೇಡ.

ಮೊದಲು ಒಂದು ತಾಟು

ಬೇಕಾದದ್ದನ್ನೆಲ್ಲ ಒಂದು ಹಳೆಯ ಸ್ಟೀಲ್ ತಾಟಿನಲ್ಲಿ ಹಾಕಿ, ಪಡಸಾಲೆಯ ಮೂಲೆಯಲ್ಲೋ ಕಪಾಟಿನ ಮೇಲೋ ಕಣ್ಣಿಗೆ ಬೀಳುವಂತೆ ಇಡಿ. ಕಪ್ಪು ಅಥವಾ ಕಡುನೀಲಿ ಪೋಸ್ಟರ್ ಬಣ್ಣದ ಒಂದು ಬಾಟಲಿ, ಸ್ಪಂಜಿನ ಎರಡು ತುಂಡು, ಒಂದು ಚಮಚ, ಹಳೆಯ ಪತ್ರಿಕೆಗಳು, ನಾಲ್ಕು ತುಂಡು ಮಾಡಿದ ಡ್ರಾಯಿಂಗ್ ಹಾಳೆ, ಕೈ ಒರೆಸಲು ಅರಿವೆ. ಜೊತೆಗೆ ಹಳೆಯ ಫೋಟೋ ಫ್ರೇಮಿನ ಗಾಜು. ಅದರ ಅಂಚಿಗೆ ಸುತ್ತಲೂ ಟೇಪ್ ಅಂಟಿಸಿ, ಇಲ್ಲದಿದ್ದರೆ ಬೆರಳು ಕೊಯ್ದೀತು. ಮಕ್ಕಳಿರುವ ಮನೆಯಲ್ಲಿ ಗಾಜಿನ ಬದಲು ದಪ್ಪ ಪ್ಲಾಸ್ಟಿಕ್ ಹಾಳೆ ಸಾಕು. ಕಾಗದಕ್ಕೆ ಹೆಚ್ಚು ಖರ್ಚು ಮಾಡಬೇಡಿ. ನುಣುಪಿಲ್ಲದ ಲಗ್ನಪತ್ರಿಕೆಯ ಖಾಲಿ ಬದಿ ಬಣ್ಣವನ್ನು ಚೆನ್ನಾಗಿ ಹೀರುತ್ತದೆ.

ಪೋಸ್ಟರ್ ಬಣ್ಣ ಹಾಗೇ ಬಳಸಿದರೆ ನೀರಾಗಿ ಹರಡುತ್ತದೆ. ಒಂದು ಚಮಚ ಮೈದಾವನ್ನು ಅರ್ಧ ಬಟ್ಟಲು ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಗಟ್ಟಿಯಾಗುವವರೆಗೆ ಕಾಯಿಸಿ, ಆರಿಸಿ. ಎರಡು ಪಾಲು ಬಣ್ಣಕ್ಕೆ ಒಂದು ಪಾಲು ಈ ಅಂಟು ಬೆರೆಸಿದರೆ ಬಣ್ಣಕ್ಕೆ ಮೈ ಬರುತ್ತದೆ. ಅಂಟು ಬೇಗ ಹಳಸುತ್ತದೆ, ಆದ್ದರಿಂದ ಆಗಾಗ ಸ್ವಲ್ಪಸ್ವಲ್ಪವೇ ಮಾಡಿಕೊಳ್ಳಿ.

ನಮ್ಮ ವಿಜಯಪುರ ಜಿಲ್ಲೆಯ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಗಾಜಿನ ಮೇಲೆ ಹಚ್ಚಿದ ಬಣ್ಣ ಕಾಗದ ಎತ್ತಿಕೊಳ್ಳುವಷ್ಟರಲ್ಲಿ ಒಣಗಿರುತ್ತದೆ. ಬೆಳಗಿನ ತಂಪಿನಲ್ಲಿ, ಫ್ಯಾನ್ ಆರಿಸಿ ಕೂಡಿ. ಔಷಧಿ ಅಂಗಡಿಯ ಗ್ಲಿಸರಿನ್ ಎರಡು ಹನಿ ಬೆರೆಸಿದರೆ ಒಣಗುವುದು ನಿಧಾನವಾಗುತ್ತದೆ.

ಎಲೆಯಿಂದ ಶುರು

ಹೊಲದ ಬದುವಿನಲ್ಲಿ ಸಿಗುವ ಔಡಲದ ಎಲೆ ಕಲಿಯುವವರಿಗೆ ಹೇಳಿಮಾಡಿಸಿದ್ದು. ಅಂಗೈ ಬಿಚ್ಚಿದಂತಿರುವ ಅದರ ನರಗಳು ಹಿಂಬದಿಯಲ್ಲಿ ಉಬ್ಬಿರುತ್ತವೆ. ಆಲದೆಲೆಯೂ ನಡೆಯುತ್ತದೆ. ಹಾಲು ಒಸರುವ ಹಸಿ ಎಲೆಯನ್ನು ಕೂಡಲೇ ಒತ್ತಲು ಹೋಗಬೇಡಿ, ರಸವೂ ಬಣ್ಣವೂ ಕೂಡಿ ಕಲೆಯಾಗುತ್ತದೆ. ಒಂದು ರಾತ್ರಿ ಭಾರದ ಪುಸ್ತಕದಡಿ ಇಟ್ಟರೆ ತೇವ ಇಳಿದು ಎಲೆ ಸಪಾಟಾಗುತ್ತದೆ.

ಎಲೆಯನ್ನು ನರದ ಬದಿ ಮೇಲಾಗಿ ಪತ್ರಿಕೆಯ ಮೇಲಿಡಿ. ಸ್ಪಂಜಿಗೆ ತುಸುವೇ ಬಣ್ಣ ತಗಲಿಸಿ, ಉಜ್ಜದೆ ತಟ್ಟುತ್ತ ಹೋಗಿ. ನರಗಳು ಬಣ್ಣದಲ್ಲಿ ಮುಳುಗಿದರೆ ಬಣ್ಣ ಹೆಚ್ಚಾಯಿತೆಂದು ತಿಳಿಯಿರಿ. ಈಗ ಎಲೆಯನ್ನು ತೊಟ್ಟು ಹಿಡಿದು ಎತ್ತಿ, ಬಣ್ಣದ ಮುಖ ಕೆಳಗಾಗುವಂತೆ ಹಾಳೆಯ ಮೇಲಿಟ್ಟು, ಮೇಲೊಂದು ಕಾಗದ ಹೊದಿಸಿ. ನಡುನರದಿಂದ ಅಂಚಿನ ಕಡೆಗೆ ಹೆಬ್ಬೆರಳಿನಿಂದ ಒತ್ತುತ್ತ ಬನ್ನಿ. ಎಲೆ ಜರುಗದಂತೆ ಇನ್ನೊಂದು ಕೈ ಗಟ್ಟಿಯಾಗಿ ಹಿಡಿದಿರಲಿ. ಹೊದಿಕೆ ತೆಗೆದು ತೊಟ್ಟಿನಿಂದ ಮೆಲ್ಲಗೆ ಎಬ್ಬಿಸಿದಾಗ, ಬರೀ ಕಣ್ಣಿಗೆ ಅಷ್ಟಾಗಿ ಕಾಣದಿದ್ದ ಕಿರುನರಗಳ ಜಾಲವೂ ಕಾಗದದ ಮೇಲೆ ಎದ್ದು ಬಂದಿರುತ್ತದೆ. ಮತ್ತೆ ಬಣ್ಣ ಹಚ್ಚದೆ ಅದೇ ಎಲೆಯನ್ನು ಇನ್ನೊಂದು ಹಾಳೆಗೆ ಒತ್ತಿ ನೋಡಿ. ಈ ಎರಡನೇ ಒತ್ತು ಮೊದಲನೆಯದಕ್ಕಿಂತ ತೆಳುವಾಗಿ, ಎಷ್ಟೋ ಸಲ ಹೆಚ್ಚು ಸೊಗಸಾಗಿ ಬರುತ್ತದೆ.

ಅಡಿಗೆಮನೆಯ ಸಾಮಾನಿನಲ್ಲಿ ಮೊದಲ ಸ್ಥಾನ ಇಂಡಿ ತಾಲೂಕಿನ ಲಿಂಬೆಗೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಹಣ್ಣನ್ನು ಅಡ್ಡಕ್ಕೆ ಕೊಯ್ದರೆ ತೊಳೆಗಳ ಚಕ್ರ ಸಿಗುತ್ತದೆ. ರಸ ಹಿಂಡಿ, ಹೋಳನ್ನು ಪತ್ರಿಕೆಯ ಮೇಲೆ ಮಗುಚಿ ಒಂದೆರಡು ತಾಸು ಬಿಟ್ಟರೆ ತೊಳೆಗಳ ನಡುವಿನ ಪೊರೆ ಬಿಗಿಯಾಗಿ ಅಚ್ಚು ಚೊಕ್ಕ ಮೂಡುತ್ತದೆ. ಉಳ್ಳಾಗಡ್ಡಿಯನ್ನು ಅಡ್ಡ ಕೊಯ್ದರೆ ಉಂಗುರಗಳು, ಉದ್ದ ಕೊಯ್ದರೆ ಒಂದರೊಳಗೊಂದು ಕಮಾನುಗಳು. ಬೆಂಡಿಕಾಯಿಯಿಂದ ಹೂ ಬರುತ್ತದೆ. ಬಣ್ಣ ತಾಗಿದ ಹೋಳನ್ನು ದನದ ಗ್ವಾದಲಿಗೆ ಹಾಕಬೇಡಿ.

ಗಾಜಿನ ಮೇಲೆ ಒಂದೇ ಸಲದ ಚಿತ್ರ

ನನಗೆ ಎಲ್ಲಕ್ಕಿಂತ ಪ್ರಿಯವಾದ ವಿಧಾನ ಇದು. ಗಾಜಿನ ಮೇಲೆ ಬಣ್ಣವನ್ನು ತೆಳ್ಳಗೆ, ಸಮನಾಗಿ ಸವರಿ. ಮೇಲೆ ಹಾಳೆಯನ್ನು ಹಗುರಾಗಿ ಇಳಿಬಿಡಿ, ಅಂಗೈ ಊರಬೇಡಿ. ಈಗ ಹಾಳೆಯ ಬೆನ್ನ ಮೇಲೆ ಬಾಲ್‌ಪೆನ್ನಿನಿಂದ ಬರೆಯಿರಿ: ಕಿಟಕಿಯಾಚೆ ಕಾಣುವ ಬೇವಿನಗಿಡವೋ, ರೊಟ್ಟಿ ಬಡಿಯುವ ಅವ್ವನೋ. ಹಾಳೆ ಎತ್ತಿ ನೋಡಿದರೆ ಗೆರೆಗಳು ಬಲ ಎಡವಾಗಿ ಮೂಡಿರುತ್ತವೆ, ಅಂಚು ತುಸು ಒರಟಾಗಿ, ಅಲ್ಲಲ್ಲಿ ಬೆರಳು ತಾಗಿದ ನೆರಳು ಸಹಿತ. ಪೆನ್ನಿನಿಂದ ನೇರವಾಗಿ ಬರೆದಾಗ ಈ ಗೆರೆ ಸಿಗುವುದಿಲ್ಲ. ತಿದ್ದಲೂ ಆಗುವುದಿಲ್ಲ, ಎರಡನೇ ಪ್ರತಿಯೂ ಹಾಗೇ ಬರುವುದಿಲ್ಲ. ಹಾಳೆಗೆ ಎಲ್ಲೆಡೆ ಕಪ್ಪು ಅಂಟಿದರೆ ಗಾಜಿನ ಮೇಲಿನ ಬಣ್ಣ ದಪ್ಪವಾಗಿದೆ ಎಂದರ್ಥ. ಒಂದು ಪತ್ರಿಕೆ ಒತ್ತಿ ತೆಗೆದು ಮತ್ತೆ ಶುರುಮಾಡಿ.

ಉಳಿಯುವ ಅಚ್ಚು

ಒಂದೇ ಆಕೃತಿ ಹತ್ತಾರು ಸಲ ಬೇಕೆಂದರೆ ಸೈಕಲ್ ಅಂಗಡಿಗೆ ಹೋಗಿ. ಪಂಕ್ಚರ್ ಹಾಕಿ ಹಾಕಿ ಸಾಕಾದ ಟ್ಯೂಬನ್ನು ಕೇಳಿದರೆ ಕೊಡುತ್ತಾರೆ. ತೊಳೆದು ಒರೆಸಿ, ಕತ್ತರಿಯಿಂದ ಹಕ್ಕಿ, ಜೋಳದ ತೆನೆ, ಬನ್ನಿಯ ಎಲೆ, ಏನು ಬೇಕೋ ಅದನ್ನು ಕತ್ತರಿಸಿ ಪಂಕ್ಚರ್ ಸಲ್ಯೂಷನ್ನಿನಿಂದ ಕಟ್ಟಿಗೆಯ ತುಂಡಿಗೆ ಅಂಟಿಸಿ. ವರ್ಷಗಟ್ಟಲೆ ಬಾಳುತ್ತದೆ. ಹಳೆಯ ಹವಾಯಿ ಚಪ್ಪಲಿಯ ಅಟ್ಟೆಯನ್ನು ಬ್ಲೇಡಿನಿಂದ ಕೆತ್ತಿಯೂ ಅಚ್ಚು ಮಾಡಬಹುದು. ಕೆತ್ತುವಾಗ ಬ್ಲೇಡು ಸದಾ ನಿಮ್ಮಿಂದ ಆಚೆಗೆ ಹೋಗಲಿ, ಹಿಡಿದ ಕೈ ಅದರ ಹಿಂದೆ ಇರಲಿ.

ಕೆತ್ತುವುದು ರೂಢಿಯಾದ ಮೇಲೆ ನಂದಲಾಲ್ ಬೋಸ್ 1930ರಲ್ಲಿ ಮಾಡಿದ, ಕೋಲು ಹಿಡಿದು ನಡೆವ ಗಾಂಧಿಯ ಲಿನೋಕಟ್ ಚಿತ್ರವನ್ನು ಹುಡುಕಿ ನೋಡಿ. ಕಪ್ಪಿನ ಮೇಲೆ ಬಿಳಿಗೆರೆ, ಅಷ್ಟೇ. ಕೆತ್ತಿ ತೆಗೆದ ಜಾಗ ಬಿಳಿಯಾಗಿ ಉಳಿಯುತ್ತದೆ ಎಂಬ ಒಂದೇ ಸೂತ್ರದ ಮೇಲೆ ಇಡೀ ದಂಡಿ ಯಾತ್ರೆಯ ನಡಿಗೆ ಅಲ್ಲಿ ನಿಂತಿದೆ. ಎರಡನೇ ಬಣ್ಣ ಕೊಳ್ಳುವ ಮುನ್ನ ಒಂದೇ ಬಣ್ಣದಲ್ಲಿ ಏನೆಲ್ಲ ಆಗುತ್ತದೆಂದು ನೋಡುವುದು ಒಳ್ಳೆಯದು.

ಅಕ್ಷರ ಕೆತ್ತುವವರು ಉಲ್ಟಾ ಕೆತ್ತಬೇಕು. ಬಟರ್ ಪೇಪರ್ ಮೇಲೆ ಮೆದು ಪೆನ್ಸಿಲ್ಲಿನಿಂದ ಹೆಸರು ಬರೆದು, ಮಗುಚಿ ಅಟ್ಟೆಯ ಮೇಲಿಟ್ಟು ಚಮಚದಿಂದ ಉಜ್ಜಿದರೆ ತಿರುವಿದ ಅಕ್ಷರ ತಾನೇ ಇಳಿಯುತ್ತದೆ. ವಚನ ಸಂಗ್ರಾಹಕ ಫ.ಗು. ಹಳಕಟ್ಟಿಯವರು 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದು, ಮರುವರ್ಷ ‘ಶಿವಾನುಭವ’ ಪತ್ರಿಕೆ ಆರಂಭಿಸಿದ ಕಾಲದಲ್ಲಿ ಬಾಗೇವಾಡಿಯ ಬಸವಣ್ಣನ ಮಾತುಗಳು ಓದುಗರ ಕೈ ಸೇರಿದ್ದು ಹೀಗೆ ತಿರುವಿದ ಮೊಳೆಗಳನ್ನು ಒಂದೊಂದಾಗಿ ಜೋಡಿಸಿಯೇ. ಮನೆಯ ಹೆಸರನ್ನೋ ಮಗಳ ಹೆಸರನ್ನೋ ಕೆತ್ತುವಾಗ ಆ ಶ್ರಮ ಎಂಥದ್ದೆಂದು ಕೈಗೆ ತಿಳಿಯುತ್ತದೆ.

ರೂಢಿಯ ಮಾತು

ಅಚ್ಚು ಹಾಕುವುದು ಕಷ್ಟವಲ್ಲ, ದಿನಾ ಕೂಡುವುದು ಕಷ್ಟ. ಅದಕ್ಕೇ ತಾಟು ಸದಾ ಸಜ್ಜಾಗಿರಬೇಕು ಎಂದದ್ದು. ಸಾಮಾನು ಹುಡುಕುವುದರಲ್ಲೇ ಅರ್ಧ ತಾಸು ಹೋದರೆ ಮನಸ್ಸು ಆರುತ್ತದೆ. ಮುದ್ದೇಬಿಹಾಳದಲ್ಲಿ ಅಂಗಡಿ ನಡೆಸುವವರಿರಲಿ, ಶಾಲೆಗೆ ಹೋಗುವ ಶಿಕ್ಷಕಿಯಿರಲಿ, ಮುಂಜಾನೆಯ ಚಹಾದ ನಂತರ ಹದಿನೈದು ನಿಮಿಷ ಎಂದು ಕಟ್ಟಿಕೊಳ್ಳಿ. ಒಂದು ವಾರ ಒಂದೇ ವಸ್ತು ಹಿಡಿಯಿರಿ. ಲಿಂಬೆ ಎಂದರೆ ವಾರವಿಡೀ ಲಿಂಬೆ: ಒಂದು ದಿನ ಸಾಲಾಗಿ, ಒಂದು ದಿನ ಒಂದರ ಮೇಲೊಂದು, ಒಂದು ದಿನ ಹಾಳೆಯ ಮೂಲೆಯಲ್ಲಿ ಒಂಟಿಯಾಗಿ. ಮೂರನೇ ದಿನ ಬೇಸರ ಬರುತ್ತದೆ. ಹೊಸದು ಹೊಳೆಯುವುದೂ ಸಾಮಾನ್ಯವಾಗಿ ಅದರ ಮರುದಿನವೇ.

ಹಾಳೆಯ ಹಿಂದೆ ತಾರೀಖು ಬರೆದಿಡಿ. ಅಂದಂದೇ ಚಂದ, ಕೆಟ್ಟದು ಎಂದು ತೀರ್ಮಾನಿಸಬೇಡಿ, ಯಾವುದನ್ನೂ ಹರಿಯಬೇಡಿ. ರವಿವಾರ ಎಲ್ಲವನ್ನೂ ನೆಲದ ಮೇಲೆ ಹರವಿ, ನಿಂತು ನೋಡಿ ಎರಡನ್ನು ಆರಿಸಿಕೊಳ್ಳಿ. ಒಂದೇ ಅಚ್ಚಿನ ಹತ್ತು ಪ್ರತಿ ತೆಗೆದಿದ್ದರೆ ಚಿತ್ರದ ಕೆಳಗೆ ಎಡಕ್ಕೆ 3/10 ಎಂಬಂತೆ ಸಂಖ್ಯೆ, ಬಲಕ್ಕೆ ಸಹಿ, ಎರಡನ್ನೂ ಪೆನ್ಸಿಲ್ಲಿನಲ್ಲಿ ಹಾಕುವುದು ಅಚ್ಚುಚಿತ್ರಕಾರರ ವಾಡಿಕೆ.

ಬಟ್ಟೆಯ ಮೇಲೆ ಒತ್ತುವುದಾದರೆ ಫ್ಯಾಬ್ರಿಕ್ ಬಣ್ಣವನ್ನೇ ಬಳಸಿ. ಹೊಸ ಬಟ್ಟೆಯ ಗಂಜಿ ಹೋಗುವಂತೆ ಮೊದಲೇ ಒಗೆದಿರಬೇಕು. ಒತ್ತಿದ ಮೇಲೆ ಒಂದು ದಿನ ಪೂರ್ತಿ ಒಣಗಿಸಿ, ಹಿಂಬದಿಯಿಂದ ಇಸ್ತ್ರಿ ಹಾಕಿ.

ಆರಿಸಿ ಉಳಿದ ಹಾಳೆಗಳಿಗೆ ನಮ್ಮಲ್ಲಿ ಒಳ್ಳೆಯ ಉಪಯೋಗವಿದೆ. ಸಂಕ್ರಾಂತಿಗೆ ಕುಸುರೆಳ್ಳು ಹಂಚಲು ಅವುಗಳಿಂದ ಪುಟ್ಟ ಪೊಟ್ಟಣ ಮಾಡಬಹುದು. ಡಿಸೆಂಬರ್ ಕೊನೆಯ ವಾರದಿಂದ ಒತ್ತಲು ತೊಡಗಿದರೆ ಹಬ್ಬದ ಹೊತ್ತಿಗೆ ಓಣಿಗೆಲ್ಲ ಸಾಲುವಷ್ಟಾಗುತ್ತವೆ. ಚಿತ್ರ ಹೊರಗೆ ಬರುವಂತೆ ಮಡಚಿ, ಒಳಗೊಂದು ಶುಭ್ರ ಬಿಳಿ ಕಾಗದ ಇಟ್ಟು ಕುಸುರೆಳ್ಳು ತುಂಬಿ. ತಿನ್ನುವ ಪದಾರ್ಥಕ್ಕೆ ಬಣ್ಣ ತಾಗಬಾರದು.